ಓದುಗರ ಪ್ರಶ್ನೆ, ತಜ್ಞರ ಉತ್ತರ: ಬುದ್ಧಿವಂತರ ವೋಟು ಯಾರಿಗೆ?

ಪ್ರಶ್ನೆ: ನನಗೆ 27 ವರ್ಷ. ಬಸವೇಶ್ವರನಗರದಲ್ಲಿ ಮನೆ, ಐಟಿ ಕಂಪನಿಯಲ್ಲಿ ಕೆಲಸ. ನಮ್ಮಜ್ಜಿ ತುಮಕೂರು ಕಡೆಯ ಹಳ್ಳಿಯವರು, ಓದು ಬರಹ ಇಲ್ಲ, ಮೊದಲಿನಿಂದ ಒಂದೇ ಪಕ್ಷಕ್ಕೆ ವೋಟ್ ಹಾಕುತ್ತಾರೆ. ಅಪ್ಪ ಇನ್ನೊಂದು ಪಕ್ಷ ಬಿಟ್ಟು ಕದಲುವುದಿಲ್ಲ. ನಾನು ಅಭ್ಯರ್ಥಿಯ ಅಫಿಡವಿಟ್ ಓದಿ ತೀರ್ಮಾನ ಮಾಡುತ್ತೇನೆ. ಆದರೂ ಅಪ್ಪ "ನಿನ್ನ ವಯಸ್ಸಿಗೆ ಏನಮ್ಮ ಗೊತ್ತಾಗತ್ತೆ" ಅನ್ನುತ್ತಾರೆ. ಬುದ್ಧಿವಂತರು ಒಂದು ಬಗೆಯ ಪಕ್ಷಕ್ಕೇ ವೋಟ್ ಹಾಕುತ್ತಾರೆ ಎಂದು ವಿದೇಶದಲ್ಲಿ ಸಂಶೋಧನೆ ಆಗಿದೆಯಂತೆ, ನಿಜವೇ? ವೋಟನ್ನು ತೀರ್ಮಾನಿಸುವುದು ವಯಸ್ಸೇ, ಮನೆತನವೇ, ಬುದ್ಧಿಯೇ?

ಉತ್ತರ: ಸಂಶೋಧನೆ ಆಗಿರುವುದು ನಿಜ. ಅದರಲ್ಲಿ ಸಿಕ್ಕಿದ್ದು ಮಾತ್ರ ವಾಟ್ಸ್ಆ್ಯಪ್‌ನಲ್ಲಿ ಓಡಾಡುವಷ್ಟು ಸರಳವಲ್ಲ. 1970ರ ಏಪ್ರಿಲ್‌ನಲ್ಲಿ, ಒಂದೇ ವಾರದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಮಕ್ಕಳಿಗೆ ಹತ್ತನೇ ವಯಸ್ಸಿನಲ್ಲಿ ಬುದ್ಧಿಮತ್ತೆಯ ಪರೀಕ್ಷೆ ಮಾಡಿದ್ದರು. ಅವರು ಮೂವತ್ತು ದಾಟಿದ ಮೇಲೆ, 2001ರ ಚುನಾವಣೆಯಲ್ಲಿ ಯಾರಿಗೆ ವೋಟ್ ಹಾಕಿದ್ದಿರಿ ಎಂದು ಕೇಳಿದರು. ಇಯನ್ ಡಿಯರಿ ಮತ್ತು ಸಂಗಡಿಗರು 2008ರಲ್ಲಿ ಇದನ್ನು ಪ್ರಕಟಿಸಿದರು. ಚಿಕ್ಕಂದಿನಲ್ಲಿ ಹೆಚ್ಚು ಅಂಕ ಪಡೆದವರು ಮತಗಟ್ಟೆಗೆ ಹೋಗುವುದು ಹೆಚ್ಚು, ಗ್ರೀನ್ ಮತ್ತು ಲಿಬರಲ್ ಡೆಮಾಕ್ರಾಟ್ ಪಕ್ಷಗಳಿಗೆ ಒಲಿಯುವುದೂ ಸ್ವಲ್ಪ ಹೆಚ್ಚು ಎಂದು ಕಂಡುಬಂತು. ಜನ ಹಂಚಿಕೊಳ್ಳುವುದು ಇಷ್ಟನ್ನೇ. ಆ ದೇಶವನ್ನು ಆಳುತ್ತ ಬಂದಿರುವ ಎರಡು ದೊಡ್ಡ ಪಕ್ಷಗಳು ಲೇಬರ್ ಮತ್ತು ಕನ್ಸರ್ವೇಟಿವ್. ಅವುಗಳ ಮತದಾರರ ಸರಾಸರಿ ಅಂಕ ಹೆಚ್ಚುಕಡಿಮೆ ಒಂದೇ ಇತ್ತು. ಸರಾಸರಿಯಲ್ಲಿ ನಾಲ್ಕೈದು ಅಂಕದ ವ್ಯತ್ಯಾಸ ನೋಡಿ ಎದುರಿಗೆ ಕೂತ ಮನುಷ್ಯನ ಬುದ್ಧಿಯನ್ನು ಅಳೆಯಲು ಬರುವುದಿಲ್ಲ. ಅದೂ ಬೇರೆ ದೇಶದ, ಬೇರೆ ಪಕ್ಷಗಳ ಲೆಕ್ಕ.

ಬುದ್ಧಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ, ನನಗೆ ಹೆಚ್ಚು ಆತಂಕ ತರುವುದು ಅದೇ. ಅಮೆರಿಕದಲ್ಲಿ ಡಾನ್ ಕಹಾನ್ ತಂಡ 2013ರಲ್ಲಿ ಜನರಿಗೆ ಅಂಕಿಗಳ ಒಂದು ಪಟ್ಟಿ ಕೊಟ್ಟಿತು. ಇದು ಚರ್ಮಕ್ಕೆ ಹಚ್ಚುವ ಮುಲಾಮಿನ ಫಲಿತಾಂಶ ಎಂದು ಹೇಳಿದಾಗ ಲೆಕ್ಕದಲ್ಲಿ ಚುರುಕಾದವರು ಸರಿಯುತ್ತರ ಕೊಟ್ಟರು. ಅವೇ ಅಂಕಿಗಳನ್ನು ಬಂದೂಕು ನಿಯಂತ್ರಣ ಕಾನೂನಿನ ಫಲಿತಾಂಶ ಎಂದು ಕೊಟ್ಟಾಗ ಅದೇ ಚುರುಕು ಜನ ಪಕ್ಷದ ಪ್ರಕಾರ ಇಬ್ಭಾಗವಾದರು. ತಮ್ಮ ಪಕ್ಷದ ಮಾತಿಗೆ ಹೊಂದುವ ಉತ್ತರವಾದರೆ ಸರಿಯಾಗಿ ಕಂಡುಹಿಡಿದರು, ಹೊಂದದಿದ್ದರೆ ಎಡವಿದರು. ಲೆಕ್ಕ ಬಾರದವರಿಗಿಂತ ಇವರಲ್ಲೇ ಬಿರುಕು ದೊಡ್ಡದಿತ್ತು. ಮೊದಲೇ ಒಪ್ಪಿಕೊಂಡ ಪಕ್ಷವನ್ನು ಸಮರ್ಥಿಸಲು ಜಾಣರಿಗೆ ಹೆಚ್ಚು ವಾದ ಸಿಗುತ್ತದೆ. ಅಫಿಡವಿಟ್ ಓದುವ ನಿಮ್ಮ ಅಭ್ಯಾಸ ಬಹಳ ಒಳ್ಳೆಯದು. ನಿಮಗೆ ಇಷ್ಟವಾದ ಅಭ್ಯರ್ಥಿಯ ಮೇಲಿನ ಕ್ರಿಮಿನಲ್ ಪ್ರಕರಣಗಳ ಪುಟವನ್ನೂ ಅಷ್ಟೇ ನಿಧಾನವಾಗಿ ಓದುತ್ತೀರಾ, ನೋಡಿಕೊಳ್ಳಿ.

ಇನ್ನು ಮನೆತನ. ಪಕ್ಷದ ಒಲವು ಮನೆಯಿಂದ ಬರುತ್ತದೆ ಎಂಬುದು ಈ ವಿಷಯದಲ್ಲಿ ತುಂಬ ಗಟ್ಟಿಯಾಗಿ ನಿಂತಿರುವ ಸಂಗತಿ. ಕೆಂಟ್ ಜೆನಿಂಗ್ಸ್ ಮತ್ತು ರಿಚರ್ಡ್ ನೀಮಿ 1965ರಲ್ಲಿ ಅಮೆರಿಕದ ಹೈಸ್ಕೂಲ್ ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಬೇರೆ ಬೇರೆಯಾಗಿ ಕೇಳಿದಾಗ, ಎಷ್ಟೋ ವಿಷಯಗಳಲ್ಲಿ ಅಭಿಪ್ರಾಯ ಹೊಂದದಿದ್ದರೂ ಪಕ್ಷದ ವಿಷಯದಲ್ಲಿ ಚೆನ್ನಾಗಿಯೇ ಹೊಂದಿತು. ಅವಳಿಗಳ ಮೇಲೆ 2005ರಲ್ಲಿ ಬಂದ ಅಧ್ಯಯನವೂ, ರಾಜಕೀಯ ಧೋರಣೆಗಳಿಗೆ ಹುಟ್ಟಿನ ಪಾಲು ಇದ್ದರೂ ಪಕ್ಷನಿಷ್ಠೆ ಮುಖ್ಯವಾಗಿ ಬೆಳೆದ ವಾತಾವರಣದಿಂದ ಬರುತ್ತದೆ ಎಂದಿತು.

ನಮ್ಮಲ್ಲಿ ಮನೆತನ ಎಂದ ಕೂಡಲೇ ಜಾತಿ ಎಂದು ಬರೆದು ಮುಗಿಸಿಬಿಡುತ್ತಾರೆ. ಜಾತಿಯ ಪಾತ್ರ ದೊಡ್ಡದೇ, ಆದರೆ ಅದರ ಜೊತೆಗೆ ಮನೆಯ ನೆನಪು ಇರುತ್ತದೆ. ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಉಳುವವರು ಏಳನೇ ನಮೂನೆಯಲ್ಲಿ ಡಿಕ್ಲರೇಷನ್ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ಸಾಗುವಳಿ ಹಕ್ಕು ಪಡೆದರು. ಒಂದು ಮನೆಗೆ ಆ ಕಾಗದ ಬಂತು. ಅದೇ ಊರಿನ ಇನ್ನೊಂದು ಮನೆಯಲ್ಲಿ, ನಾಲ್ಕೆಕರೆ ಗೇಣಿಯನ್ನೇ ನಂಬಿದ್ದ ವಿಧವೆಯೊಬ್ಬರ ಜಮೀನು ಹೋಯಿತು. ಎರಡೂ ಮನೆಯ ಹೆಂಗಸರು ಒಂದೇ ವಯಸ್ಸಿನವರಿರಬಹುದು, ಇಬ್ಬರಿಗೂ ಅಕ್ಷರ ಬಾರದಿರಬಹುದು. ಮುಂದಿನ ಚುನಾವಣೆಗಳಲ್ಲಿ ಇಬ್ಬರೂ ಎದುರುಬದುರು ವೋಟ್ ಹಾಕಿದರೆ ಇಬ್ಬರ ವೋಟಿಗೂ ಕಾರಣವಿದೆ. ಹೊರಗಿನಿಂದ ನೋಡುವ ನಮಗೆ ಅದು ಬರೀ ಅಭ್ಯಾಸಬಲದಂತೆ ಕಾಣುತ್ತದೆ. ನಿಮ್ಮಜ್ಜಿಯನ್ನು ಒಮ್ಮೆ ಕೇಳಿ: ಮೊದಲ ಸಲ ವೋಟ್ ಹಾಕಿದಾಗ ಮನೆಯ ಪರಿಸ್ಥಿತಿ ಹೇಗಿತ್ತು, ಆಮೇಲೆ ಏನು ಬದಲಾಯಿತು? ಯಾವ ಪ್ರಣಾಳಿಕೆಯಲ್ಲೂ ಸಿಗದ ಮಾಹಿತಿ ಸಿಗುತ್ತದೆ.

ವಯಸ್ಸಿನ ವಿಷಯದಲ್ಲಿ ಜನ ಎರಡು ಸಂಗತಿಗಳನ್ನು ಕಲಸುತ್ತಾರೆ. ವಯಸ್ಸಾದ ಹಾಗೆ ಮನುಷ್ಯ ಬದಲಾಗುವುದು ಒಂದು. ಒಂದು ತಲೆಮಾರು ತನ್ನ ಹದಿಹರೆಯದಲ್ಲಿ ಕಂಡದ್ದನ್ನು ಬದುಕಿನುದ್ದಕ್ಕೂ ಹೊತ್ತು ತಿರುಗುವುದು ಇನ್ನೊಂದು. ಅಮೆರಿಕದ ಮತಗಳ ಲೆಕ್ಕಾಚಾರದಲ್ಲಿ 14ರಿಂದ 24ರ ವಯಸ್ಸಿನ ನಡುವೆ ಕಂಡ ರಾಜಕೀಯವೇ ಆಳವಾಗಿ ಊರುತ್ತದೆ ಎಂದು ಕಂಡಿದೆ. ಅಪ್ಪನ ನಿಲುವಿನ ಹಿಂದೆ ಅವರ ಆ ಹತ್ತು ವರ್ಷಗಳಿವೆ, ನಿಮ್ಮದರ ಹಿಂದೆ ನಿಮ್ಮವಿವೆ. "ನಿನ್ನ ವಯಸ್ಸಿಗೆ ಗೊತ್ತಾಗಲ್ಲ" ಎನ್ನುವ ಅಪ್ಪನಿಗೆ ಇದನ್ನು ಮೆಲ್ಲಗೆ ಹೇಳಬಹುದು: ಅವರೂ ಪಕ್ಷ ಆರಿಸಿಕೊಂಡದ್ದು ಬಹುಶಃ ನಿಮಗಿಂತ ಚಿಕ್ಕ ವಯಸ್ಸಿನಲ್ಲೇ.

ಇಷ್ಟೆಲ್ಲ ಹೇಳಿದ ಮೇಲೂ ಹಿನ್ನೆಲೆಯೊಂದೇ ವೋಟನ್ನು ತೀರ್ಮಾನಿಸುವುದಿಲ್ಲ ಎನ್ನಲು ಕರ್ನಾಟಕಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1984ರ ಡಿಸೆಂಬರ್‌ನಲ್ಲಿ ಇಲ್ಲಿನ 28 ಲೋಕಸಭಾ ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಬಂದವು. ಮೂರು ತಿಂಗಳಾಗುವಷ್ಟರಲ್ಲಿ, 1985ರ ಮಾರ್ಚ್‌ನಲ್ಲಿ, ರಾಮಕೃಷ್ಣ ಹೆಗಡೆ ಅವರ ಜನತಾ ಪಕ್ಷಕ್ಕೆ 139 ವಿಧಾನಸಭಾ ಸ್ಥಾನ ಸಿಕ್ಕವು. 2023ರ ಮೇನಲ್ಲಿ ಕಾಂಗ್ರೆಸ್ಸಿಗೆ 135. ಮರುವರ್ಷ ಲೋಕಸಭೆಯಲ್ಲಿ ಬಿಜೆಪಿ, ಜೆಡಿಎಸ್ ಮೈತ್ರಿಗೆ 19. ಈ ನಡುವೆ ಯಾರ ಜಾತಿಯೂ ಬದಲಾಗಲಿಲ್ಲ, ಓದೂ ಬದಲಾಗಲಿಲ್ಲ. ದಿಲ್ಲಿಗೊಂದು, ಬೆಂಗಳೂರಿಗೊಂದು ಎಂದು ಬೇರೆ ಬೇರೆ ತೂಗಿ ವೋಟ್ ಹಾಕುವವರು ಇಲ್ಲಿ ಸಾಕಷ್ಟಿದ್ದಾರೆ. ಓದಿದವರೆಲ್ಲ ಒಂದೇ ಕಡೆ ಎನ್ನುವವರಿಗೆ ಜಯನಗರವನ್ನು ನೆನಪಿಸುತ್ತೇನೆ. 2023ರಲ್ಲಿ, ಓದಿದವರು ತುಂಬಿರುವ ಆ ಕ್ಷೇತ್ರದಲ್ಲಿ ಗೆಲುವಿನ ಅಂತರ ಬರೀ 16 ಮತ.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾಗಿ ವಿಜಯನಗರದಲ್ಲಿದ್ದೇನೆ. ಡ್ರೈವಿಂಗ್ ಲೈಸೆನ್ಸಿಗೇ ಪರೀಕ್ಷೆ ಇರುವಾಗ ಮತದಾನಕ್ಕೆ ಕನಿಷ್ಠ ವಿದ್ಯಾರ್ಹತೆಯಾದರೂ ಬೇಡವೇ?

ಉತ್ತರ: ಬೇಡ. 1951–52ರ ಮೊದಲ ಮಹಾಚುನಾವಣೆಯಲ್ಲಿ ಹದಿನೇಳು ಕೋಟಿ ಮತದಾರರ ಪೈಕಿ ಬಹುಪಾಲು ಜನಕ್ಕೆ ಓದು ಬರುತ್ತಿರಲಿಲ್ಲ. ಅದಕ್ಕೇ ಚಿಹ್ನೆ ಬಂತು. ಅವರಿಗೆ ಹಕ್ಕು ಕೊಡದೆ ಕಾದಿದ್ದರೆ, ಅವರ ಊರಿಗೆ ಶಾಲೆ ಬರಬೇಕೆಂದು ಒತ್ತಾಯಿಸಲು ಅವರ ಕೈಯಲ್ಲಿ ಏನಿರುತ್ತಿತ್ತು? ಓದಿದವರಿಗೆ ಹೆಚ್ಚಿನ ವೋಟು ಕೊಟ್ಟು ನೋಡಿದ್ದೂ ಆಗಿದೆ: ಬ್ರಿಟನ್ನಿನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಪದವೀಧರರಿಗೆ ಎರಡನೇ ವೋಟು ಇತ್ತು, 1948ರ ಕಾನೂನು ಅದನ್ನು ತೆಗೆಯಿತು. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಇಂದಿಗೂ ಪದವೀಧರರವು. ಪದವಿ ಮುಗಿದು ಮೂರು ವರ್ಷವಾದವರು ಹದಿನೆಂಟನೇ ನಮೂನೆ ತುಂಬಿ ಹೆಸರು ಸೇರಿಸಿಕೊಳ್ಳಬೇಕು. ನಿಮ್ಮ ಮನೆಯ ಪದವೀಧರರಲ್ಲಿ ಎಷ್ಟು ಜನ ಸೇರಿಸಿದ್ದಾರೆ, ವಿಚಾರಿಸಿ ನೋಡಿ.

ಬ್ರಿಟನ್ನಿನ ಅಧ್ಯಯನದಲ್ಲಿ ಚುರುಕಾದವರು ಹೆಚ್ಚು ಮತ ಹಾಕಿದರು ಎಂದೆನಲ್ಲ, ನಮ್ಮಲ್ಲಿ ಓದಿದವರ ನಗರವೇ ಹಿಂದೆ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಮೂರರಲ್ಲೂ ಮತದಾನ ಶೇ 53–54ರ ಸುತ್ತಮುತ್ತ. ಮಂಡ್ಯದಲ್ಲಿ ಶೇ 81ಕ್ಕಿಂತ ಹೆಚ್ಚು. ಬಾಡಿಗೆ ಮನೆ ಬದಲಿಸಿದವರ, ಊರು ಬಿಟ್ಟವರ ಹೆಸರು ಪಟ್ಟಿಯಲ್ಲೇ ಉಳಿಯುವುದರಿಂದ ಬೆಂಗಳೂರಿನ ಪ್ರಮಾಣ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ, ಒಪ್ಪುತ್ತೇನೆ. ಆದರೂ ಅಂತರ ಅದೊಂದರಿಂದಲೇ ತುಂಬುವಂಥದ್ದಲ್ಲ. ಪೌರಕಾರ್ಮಿಕರು ಬೆಳಗಿನ ಪಾಳಿ ಮುಗಿಸಿ ಸಾಲಿನಲ್ಲಿ ನಿಲ್ಲುತ್ತಾರೆ. ಅವರಿಗೆ ಪರೀಕ್ಷೆ ಇಡುವ ಅರ್ಹತೆ ರಜೆ ಹಾಕಿ ಊರು ಸುತ್ತಲು ಹೋದವರಿಗೆ ಎಲ್ಲಿಂದ ಬಂತು?

ಪ್ರಶ್ನೆ: ನನಗೆ ಈಗಷ್ಟೇ 18 ತುಂಬಿದೆ, ಯಲಹಂಕ. "ಮನೇಲಿ ಎಲ್ಲರದ್ದೂ ಒಂದೇ ವೋಟು" ಅಂತ ಅಮ್ಮ ಹೇಳುತ್ತಾರೆ. ಬೇರೆಯವರಿಗೆ ಹಾಕಿದರೆ ಗೊತ್ತಾಗುತ್ತದಾ?

ಉತ್ತರ: ಗೊತ್ತಾಗುವುದಿಲ್ಲ. ವಿವಿಪ್ಯಾಟ್ ಚೀಟಿ (ಯಾರಿಗೆ ವೋಟ್ ಬಿತ್ತೆಂದು ತೋರಿಸಲು ಯಂತ್ರ ಮುದ್ರಿಸುವ ಚೀಟಿ) ಏಳು ಸೆಕೆಂಡು ನಿಮಗೊಬ್ಬರಿಗೇ ಕಂಡು ಪೆಟ್ಟಿಗೆಗೆ ಬೀಳುತ್ತದೆ. ಮತಗಟ್ಟೆವಾರು ಒಟ್ಟು ಲೆಕ್ಕ ಹೊರಬರುತ್ತದೆ, ಒಬ್ಬೊಬ್ಬರದ್ದಲ್ಲ.

ಮತದಾನೋತ್ತರ ಸಮೀಕ್ಷೆಯಲ್ಲಿ ಮನೆಬಾಗಿಲಿಗೆ ಹೋದಾಗ ನಾವು ಪಕ್ಷದ ಹೆಸರನ್ನು ಬಾಯಲ್ಲಿ ಕೇಳುವುದಿಲ್ಲ, ಮಾದರಿ ಮತಪತ್ರ ಕೊಟ್ಟು ಡಬ್ಬಿಗೆ ಹಾಕಿಸುತ್ತೇವೆ. ಒಂದು ಮನೆಯಲ್ಲಿ ಯಜಮಾನರು ಒಳಗಿನಿಂದಲೇ "ಅವಳ್ದೂ ನಂದೇ, ಬರ್ಕೊಳ್ಳಿ" ಎಂದು ಕೂಗಿದರು. ಆಯಮ್ಮ ಮಾತಾಡಲಿಲ್ಲ. ಕೈಯಲ್ಲಿದ್ದ ಸೊಪ್ಪನ್ನು ಮೊರಕ್ಕೆ ಹಾಕಿ, ಕೈ ಒರೆಸಿಕೊಂಡು, ಚೀಟಿ ಇಸಿದುಕೊಂಡು ಗೋಡೆ ಕಡೆ ತಿರುಗಿ ಗುರುತು ಹಾಕಿದರು. ನಾಲ್ಕು ಮಡಿಕೆ ಮಡಿಚಿ ತಾವೇ ಡಬ್ಬಿಗೆ ಹಾಕಿದರು. ನೀವೂ ಹಾಗೇ ಮಾಡಿ. ಅಮ್ಮನ ಜೊತೆ ಜಗಳವೂ ಬೇಡ, ಸುಳ್ಳೂ ಬೇಡ. "ಅದು ಗುಟ್ಟಮ್ಮ" ಎಂದರೆ ಸಾಕು.

ಹೆಸರು ಇನ್ನೂ ಸೇರಿಸಿಲ್ಲವಾದರೆ ಆರನೇ ನಮೂನೆ ತುಂಬಿ. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ನಾಲ್ಕೂ ತಿಂಗಳ ಒಂದನೇ ತಾರೀಖು ಅರ್ಹತಾ ದಿನಾಂಕ. 18 ತುಂಬಿದವರು ಮುಂದಿನ ಜನವರಿ ತನಕ ಕಾಯಬೇಕಾಗಿಲ್ಲ. ಮನೆ ಬದಲಿಸಿದ್ದರೆ ಎಂಟನೇ ನಮೂನೆ. ಎರಡನ್ನೂ ಆನ್‌ಲೈನ್‌ನಲ್ಲೇ ಸಲ್ಲಿಸಬಹುದು, ಇಲ್ಲವೇ ನಿಮ್ಮ ಭಾಗದ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೈಗೆ ಕೊಡಬಹುದು.