ನೋಟಿಸ್ ಕೊಟ್ಟಾಯ್ತು, ಬಾಡಿಗೆದಾರರು ಮನೆ ಬಿಡ್ತಿಲ್ಲ

ಪ್ರಶ್ನೆ: ಮೈಸೂರಿನಲ್ಲಿ ನಮ್ಮದೊಂದು ಮನೆ ಬಾಡಿಗೆಗೆ ಕೊಟ್ಟಿದ್ದೇವೆ. ತಿಂಗಳಿಗೆ 14,000 ರೂಪಾಯಿ ಬಾಡಿಗೆ, 1 ಲಕ್ಷ ಅಡ್ವಾನ್ಸ್. 11 ತಿಂಗಳ ಕರಾರು ಮುಗಿದು ಎರಡು ವರ್ಷವಾಯಿತು, ಮತ್ತೆ ಬರೆಸಲಿಲ್ಲ. ಮಗನ ಮದುವೆ ಗೊತ್ತಾಗಿದೆ, ಮನೆ ನಮಗೇ ಬೇಕು. ವಕೀಲರ ಮೂಲಕ ಒಂದು ತಿಂಗಳ ಗಡುವಿನ ನೋಟಿಸ್ ಕಳಿಸಿದೆವು. ಗಡುವು ಮುಗಿದು ಎರಡು ತಿಂಗಳಾದರೂ ‘ಮಕ್ಕಳ ಪರೀಕ್ಷೆ ಇದೆ’ ಎನ್ನುತ್ತಾರೆ. ಬಾಡಿಗೆ ಮಾತ್ರ ತಪ್ಪದೆ ಖಾತೆಗೆ ಬರುತ್ತಿದೆ. ನೀರು ನಿಲ್ಲಿಸಿಬಿಡು, ಊರಿಗೆ ಹೋದಾಗ ಬೀಗ ಜಡಿ ಅಂತ ಭಾವಮೈದುನ ಹೇಳುತ್ತಾನೆ. ಏನು ಮಾಡಲಿ?

ಉತ್ತರ: ಮೊದಲು ಭಾವಮೈದುನನ ಮಾತು ಕೇಳಬೇಡಿ. ಮನೆ ನಿಮ್ಮದೇ ಇರಬಹುದು, ಆದರೆ ಸದ್ಯ ಸ್ವಾಧೀನ ಅವರದ್ದು. ಅವರಿಲ್ಲದಾಗ ಬೀಗ ಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಹಿಡಿದು ಆರು ತಿಂಗಳೊಳಗೆ ಅವರು ದಾವೆ ಹಾಕಬಹುದು. ಅಲ್ಲಿ ಮನೆ ಯಾರದ್ದು ಅನ್ನೋ ಪ್ರಶ್ನೆಯೇ ಬರುವುದಿಲ್ಲ. ಕಾನೂನು ಬಿಟ್ಟು ಹೊರಗೆ ಹಾಕಿದ್ದು ಸಾಬೀತಾದರೆ ಸಾಕು, ಬೀಗದ ಕೈ ವಾಪಸ್ ಅವರ ಕೈಗೆ. ಒಳಗಿದ್ದ ಒಡವೆ ಕಾಣ್ತಿಲ್ಲ ಅಂತ ಪೊಲೀಸ್ ದೂರು ಬಿದ್ದರಂತೂ ಮದುವೆ ಮನೆಯಲ್ಲಿ ಬೇರೆಯದೇ ಗದ್ದಲ. ನೀರು, ಕರೆಂಟ್ ನಿಲ್ಲಿಸಿದರೆ ತಡೆಯಾಜ್ಞೆ ತರುತ್ತಾರೆ, ಜಡ್ಜ್ ಮುಂದೆ ತಪ್ಪಿತಸ್ಥರ ಥರ ನಿಲ್ಲುವವರು ನೀವು.

ನಿಮ್ಮ ನೋಟಿಸ್ ಸರಿಯಾಗಿಯೇ ಇದ್ದಂತಿದೆ. ಕರಾರು ಮುಗಿದ ಮೇಲೂ ಬಾಡಿಗೆ ತೆಗೆದುಕೊಂಡಿದ್ದರಿಂದ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗಿದೆ. ಅದನ್ನು ಮುಗಿಸಲು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ 15 ದಿನದ ನೋಟಿಸ್ ಸಾಕು, ನೀವು ಜಾಸ್ತಿಯೇ ಕೊಟ್ಟಿದ್ದೀರಿ. ಅಂಚೆ ರಸೀದಿ, ಸ್ವೀಕೃತಿ ಕಾರ್ಡ್ ಜೋಪಾನ. ‘ತೆಗೆದುಕೊಳ್ಳಲು ನಿರಾಕರಿಸಿದ್ದಾರೆ’ ಅಂತ ಪೋಸ್ಟ್‌ಮ್ಯಾನ್ ಷರಾ ಬರೆದು ಲಕೋಟೆ ವಾಪಸ್ ಬಂದಿದ್ದರೆ ಅದನ್ನು ಒಡೆಯಬೇಡಿ, ಹಾಗೇ ಕೋರ್ಟಿಗೆ ಕೊಡಿ.

ನನಗೆ ಯೋಚನೆ ಹತ್ತಿಸುವುದು ಖಾತೆಗೆ ಬರುತ್ತಿರುವ ದುಡ್ಡು. ನೋಟಿಸ್ ಅವಧಿ ಮುಗಿದ ಮೇಲೂ ಸುಮ್ನೆ ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ, ‘ನೋಟಿಸನ್ನು ಇವರೇ ಕೈಬಿಟ್ಟಿದ್ದಾರೆ’ ಅಂತ ಎದುರು ವಕೀಲರು ವಾದಿಸಿಯೇ ವಾದಿಸುತ್ತಾರೆ. ಬಾಡಿಗೆ ತೆಗೆದುಕೊಂಡ ಮಾತ್ರಕ್ಕೆ ನೋಟಿಸ್ ಬಿದ್ದುಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ ನಿಜ. ಆದರೂ ಆ ವಾದಕ್ಕೆ ಜಾಗ ಯಾಕೆ ಕೊಡಬೇಕು? ಇವತ್ತೇ ಒಂದು ಪತ್ರ ಕಳಿಸಿ, ವಾಟ್ಸಾಪ್‌ನಲ್ಲೂ ಹಾಕಿ: ‘ನೋಟಿಸ್ ಅವಧಿ ಮುಗಿದ ನಂತರ ಬಂದ ಹಣ ಬಾಡಿಗೆಯಲ್ಲ. ಮನೆ ಬಳಸುತ್ತಿರುವುದಕ್ಕೆ ಪರಿಹಾರವೆಂದು, ನಮ್ಮ ಹಕ್ಕು ಉಳಿಸಿಕೊಂಡು ಪಡೆದಿದ್ದೇವೆ.’ ಮುಂದೆ ಬಾಡಿಗೆ ರಸೀದಿ ಕೊಡಬೇಡಿ. ಕರೆಂಟ್ ಬಿಲ್ಲಿನ ಲೆಕ್ಕ ಕೇಳುವಾಗ ‘ಈ ತಿಂಗಳ ಬಾಡಿಗೆ ಬಂತು, ಥ್ಯಾಂಕ್ಸ್’ ಅಂತ ಮೆಸೇಜ್ ಹಾಕುವವರಿದ್ದಾರೆ. ಅದೇ ಸ್ಕ್ರೀನ್‌ಶಾಟ್ ಆಮೇಲೆ ಕೋರ್ಟಿನಲ್ಲಿ ಕಾಣುತ್ತದೆ.

ಇನ್ನು ದಾವೆ. 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಆದ್ದರಿಂದ ಮಗನ ಮದುವೆಯ ಕಾರಣ ಸಾಬೀತು ಮಾಡುವ ಗೋಜೂ ನಿಮಗಿಲ್ಲ. ಸ್ವಾಧೀನ ಕೇಳಿ ಸಿವಿಲ್ ದಾವೆ ಹಾಕಿ, ಜೊತೆಗೆ ನೋಟಿಸ್ ಮುಗಿದ ದಿನದಿಂದ ಮನೆ ಬಿಡುವವರೆಗಿನ ಪರಿಹಾರವನ್ನೂ ಕೇಳಿ. ಇದನ್ನು ಹಳೇ ಬಾಡಿಗೆಗೇ ಲೆಕ್ಕ ಹಾಕಬೇಕೆಂದಿಲ್ಲ, ಈಗಿನ ಮಾರುಕಟ್ಟೆ ದರಕ್ಕೆ ಕೇಳಬಹುದು. ಕೋರ್ಟ್ ಶುಲ್ಕ ಮನೆಯ ಬೆಲೆ ಮೇಲಲ್ಲ, ಒಂದು ವರ್ಷದ ಬಾಡಿಗೆ ಮೇಲೆ. ಮನೆ ಬಿಡಿಸಿಕೊಡಿ ಅಂತ ಸ್ಟೇಷನ್ನಿಗೆ ಹೋದರೆ ‘ಸಿವಿಲ್ ವಿಷಯ’ ಅಂತ ವಾಪಸ್ ಕಳಿಸುತ್ತಾರೆ, ಅಷ್ಟೆ.

ಬೇಗ ಮುಗಿಯುವ ದಾರಿಯೂ ಒಂದಿದೆ. ಮಕ್ಕಳ ಪರೀಕ್ಷೆ ಸುಳ್ಳಲ್ಲ ಅಲ್ವಾ? ದಾವೆ ಹಾಕಿದ ಮೇಲೆ ಪರೀಕ್ಷೆ ಮುಗಿಯುವವರೆಗೆ ಟೈಮ್ ಕೊಟ್ಟು, ತಾರೀಕು ಬರೆದು, ಕೋರ್ಟಿನಲ್ಲೇ ರಾಜಿ ಅರ್ಜಿಗೆ ಇಬ್ಬರೂ ಸಹಿ ಹಾಕಿ. ಅದರ ಮೇಲೆ ಡಿಕ್ರಿ, ಅಂದರೆ ಕೋರ್ಟಿನ ತೀರ್ಪಿನ ಆದೇಶ, ಆಗುತ್ತದೆ. ಆ ದಿನವೂ ಬಿಡದಿದ್ದರೆ ಹೊಸ ದಾವೆ ಬೇಡ, ನೇರವಾಗಿ ಡಿಕ್ರಿ ಜಾರಿಗೆ ಅರ್ಜಿ ಹಾಕಿದರೆ ಕೋರ್ಟ್ ಅಮೀನರೇ ಬಂದು ಬಿಡಿಸಿಕೊಡುತ್ತಾರೆ. ಮನೆಯಲ್ಲಿ ಕೂತು ಛಾಪಾ ಕಾಗದದ ಮೇಲೆ ಬರೆಸಿಕೊಂಡ ಮುಚ್ಚಳಿಕೆಗೆ ಈ ಬಲ ಇಲ್ಲ.

ಅಡ್ವಾನ್ಸ್ ಮುಂಚೆಯೇ ಕೊಡಬೇಡಿ, ಆದರೆ ಆ ದಿನಕ್ಕೆ ಪೂರ್ತಿ ಹೊಂದಿಸಿಟ್ಟಿರಿ. ಎಷ್ಟೋ ಮನೆಗಳಲ್ಲಿ ಜಗಳ ಮುಗಿಯದೆ ಉಳಿದಿರುವುದೇ ಮಾಲೀಕರ ಹತ್ತಿರ ಅದು ಖರ್ಚಾಗಿಹೋಗಿದ್ದಕ್ಕೆ. ಖಾಲಿ ಮನೆ ನೋಡಿ, ಮೀಟರ್ ಫೋಟೊ ತೆಗೆದು, ‘ಇಂಥ ದಿನ ಬೀಗದ ಕೈ ಒಪ್ಪಿಸಿದ್ದೇನೆ’ ಅಂತ ಸಹಿ ಮಾಡಿಸಿಕೊಂಡು ಚೆಕ್ ಕೈಗೆ ಕೊಡಿ.