ಟ್ಯಾಮಾಕ್ಸಿಫೆನ್ ಜೊತೆ ಎಕ್ಸ್‌ಟಸಿ ಬೇಡವೇ ಬೇಡ

ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿರುವ ನಿಮ್ಮ ಅಕ್ಕ ಪುಣೆಯಿಂದ ಗೋವಾ ಪಾರ್ಟಿಗೆ ಹೊರಟಿದ್ದಾರೆ, ಆ ರಾತ್ರಿ ಮಾತ್ರೆ ಬಿಟ್ಟು ಎಕ್ಸ್‌ಟಸಿ ಎಂಬ ಮಾದಕ ವಸ್ತು ತೆಗೆದುಕೊಂಡರೆ ಪರವಾಗಿಲ್ವಾ ಅಂತ ಕೇಳಿದ್ದೀರಿ. ಇಲ್ಲ. ಮಾತ್ರೆ ಬಿಡುವುದರಿಂದ ಏನೂ ಉಪಯೋಗವಿಲ್ಲ.

ಟ್ಯಾಮಾಕ್ಸಿಫೆನ್ ನೇರವಾಗಿ ಜಾಸ್ತಿ ಕೆಲಸ ಮಾಡುವುದಿಲ್ಲ. ಲಿವರ್‌ನಲ್ಲಿರುವ ಸಿವೈಪಿ2ಡಿ6 ಎಂಬ ಕಿಣ್ವ ಅದನ್ನು ಎಂಡಾಕ್ಸಿಫೆನ್ ಆಗಿ ಬದಲಿಸಬೇಕು. ಕ್ಯಾನ್ಸರ್ ವಿರುದ್ಧದ ಬಲ ಬಹುಪಾಲು ಅದರದ್ದೇ. ಎಕ್ಸ್‌ಟಸಿ, ಅಂದರೆ ಎಂಡಿಎಂಎ, ಇದೇ ಕಿಣ್ವವನ್ನು ಕಟ್ಟಿಹಾಕುತ್ತದೆ. ಒಂದೇ ಡೋಸ್ ಸಾಕು. ಕಿಣ್ವ ಪೂರ್ತಿ ಚೇತರಿಸಿಕೊಳ್ಳಲು ಸುಮಾರು 10 ದಿನ ಬೇಕಾಗುತ್ತದೆ. ಪ್ರತಿ ವಾರಾಂತ್ಯ ಹೀಗಾದರೆ ಮಾತ್ರೆ ತಿಂದೂ ಪೂರ್ತಿ ಫಲ ಸಿಗದೆ ಹೋಗಬಹುದು, ಅಲ್ವಾ? ಖಿನ್ನತೆಗೆ ಕೊಡುವ ಪ್ಯಾರಾಕ್ಸಿಟೀನ್, ಫ್ಲೂಆಕ್ಸಿಟೀನ್ ಕೂಡ ಹೀಗೇ ಅಡ್ಡ ಬರುತ್ತವೆ. ಅಕ್ಕ ಅವನ್ನು ತೆಗೆದುಕೊಳ್ಳುತ್ತಿದ್ದರೆ ತಾವಾಗಿ ನಿಲ್ಲಿಸದೆ ಡಾಕ್ಟರ್‌ಗೆ ಹೇಳಲಿ.

ಗಾಂಜಾ ಗಿಡದಿಂದ ತೆಗೆಯುವ ಸಿಬಿಡಿ ಎಣ್ಣೆಯನ್ನು ‘ಗಿಡಮೂಲಿಕೆ’ ಅಂತ ಸುಮ್ನೆ ನಂಬಬೇಡಿ, ಅದೂ ಈ ಕಿಣ್ವವನ್ನು ತಡೆಯಬಹುದು.

ಈಗಾಗಲೇ ಏನಾದರೂ ತೆಗೆದುಕೊಂಡಿದ್ದರೆ, ಯಾವುದು, ಯಾವಾಗ ಅಂತ ಕ್ಯಾನ್ಸರ್ ಡಾಕ್ಟರ್‌ಗೆ (ಅಂಕಾಲಜಿಸ್ಟ್) ಮುಚ್ಚಿಡದೆ ಹೇಳಲಿ. ಬೈಯುತ್ತಾರೆ ಅನ್ನುವ ಭಯ ಬೇಡ. ಹೇಳಲು ಸಂಕೋಚವಾದರೆ ನೀವೂ ಜೊತೆಗೆ ಹೋಗಿ. ಟ್ಯಾಮಾಕ್ಸಿಫೆನ್ ಮಾತ್ರ ಒಂದು ದಿನವೂ ತಪ್ಪಿಸದೆ ನುಂಗಲಿ.