ಗಲ್ಲು ಕಡ್ಡಾಯ ಅನ್ನುವ ಕಾನೂನು ಬಿದ್ದರೆ ಕೈದಿ ಹೊರಗೆ ಬರುತ್ತಾನಾ?

ನೀವು ಎರಡು ವಿಷಯ ಕೇಳಿದ್ದೀರಿ. ಕೋವಿಯಿಂದ ಸಾವಾದರೆ ಗಲ್ಲು ಕಡ್ಡಾಯವಾ? ಆ ಕಡ್ಡಾಯವನ್ನು ಕೋರ್ಟ್ ತೆಗೆದರೆ ಒಳಗಿರುವವರು ಬಿಡುಗಡೆ ಆಗುತ್ತಾರಾ? ನಾನು ಮಡಿಕೇರಿಯಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ಎರಡಕ್ಕೂ ಉತ್ತರ, ಇಲ್ಲ.

ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಮಾಡುವ ಊರು ನಮ್ಮದು. ಹಾಗಾಗಿ ಈ ಭಯ ಇಲ್ಲಿ ಸಹಜ. ಶಸ್ತ್ರಾಸ್ತ್ರ ಕಾಯ್ದೆಯ 27(3)ನೇ ಕಲಂ ಹಾಗೆ ಹೇಳುತ್ತಿದ್ದದ್ದು ನಿಷೇಧಿತ ಶಸ್ತ್ರಗಳ ಬಗ್ಗೆ. ಮನೆಯ ಸಾಮಾನ್ಯ ಕೋವಿ ಅದರಲ್ಲಿ ಬರುವುದಿಲ್ಲ. ಆ ಕಲಂ ಕೂಡ ಈಗ ಉಳಿದಿಲ್ಲ. 2012ರಲ್ಲಿ ದಲ್ಬೀರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು.

ಇದಕ್ಕೆ ದಾರಿ ಮಾಡಿದ್ದು 1983ರ ಮಿಥು ತೀರ್ಪು. ಜೀವಾವಧಿ ಕೈದಿ ಕೊಲೆ ಮಾಡಿದರೆ ಗಲ್ಲೇ ಗತಿ ಅಂತ ಆಗಿನ ಭಾರತೀಯ ದಂಡ ಸಂಹಿತೆಯ (ಐಪಿಸಿ) 303ನೇ ಕಲಂ ಹೇಳುತ್ತಿತ್ತು. ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತೆಗೆದುಹಾಕಿತು. ಯಾಕೆ ಕೊಂದ, ಯಾವ ಸ್ಥಿತಿಯಲ್ಲಿ ಕೊಂದ ಅಂತ ಜಡ್ಜ್ ನೋಡುವ ಹಾಗೇ ಇಲ್ಲ ಅಂದರೆ ಅದು ಸಂವಿಧಾನದ 14 ಮತ್ತು 21ನೇ ವಿಧಿಗೆ ವಿರುದ್ಧ ಅಂದಿತು. ಆದರೆ ಕೊಲೆ ಕೊಲೆಯೇ. ಅಂಥ ಕೇಸುಗಳು ಕೊಲೆಯ ಸಾಮಾನ್ಯ ಕಲಂ ಆದ 302ರ ಕೆಳಗೆ ಬಂದವು, ಗಲ್ಲು ಅಥವಾ ಜೀವಾವಧಿ.

ಕೀನ್ಯಾದಲ್ಲೂ ಹೀಗೇ ಆಯಿತು. ಕೊಲೆಗೆ ಕಡ್ಡಾಯ ಗಲ್ಲು ತಪ್ಪು ಅಂತ 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಅರ್ಜಿದಾರರನ್ನು ಮನೆಗೆ ಕಳಿಸಲಿಲ್ಲ. ಶಿಕ್ಷೆ ಎಷ್ಟು ಅನ್ನುವುದನ್ನು ಮಾತ್ರ ಮತ್ತೆ ಕೇಳಿ ಅಂತ ಹೈಕೋರ್ಟಿಗೆ ಕಳಿಸಿತು. ದರೋಡೆ ಕೇಸಿನಲ್ಲಿ ಗಲ್ಲು ಶಿಕ್ಷೆಯಾದವರೂ ಇದನ್ನೇ ಹಿಡಿದು ಅರ್ಜಿ ಹಾಕಿದರು. ಇದು ಕೊಲೆ ಕೇಸಿಗೆ ಮಾತ್ರ ಅಂತ 2021ರಲ್ಲಿ ಕೋರ್ಟ್ ಬಿಡಿಸಿ ಹೇಳಬೇಕಾಯಿತು.

ನನ್ನ ಮಟ್ಟಿಗೆ ಎಲ್ಲ ಇರುವುದು ಈ ಶಿಕ್ಷೆಯ ವಿಚಾರಣೆಯಲ್ಲೇ. ಜೂನಿಯರ್ ಆಗಿದ್ದಾಗ ಒಂದು ಕೊಲೆ ಕೇಸು ನೋಡಿದೆ. ಆರೋಪಿ ಎಸ್ಟೇಟಿನ ಲೈನ್‌ಮನೆಯವನು. ಶಿಕ್ಷೆ ಬಗ್ಗೆ ನಾವು ಹೇಳಿದ್ದು ಇಷ್ಟೇ: "ಬಡವ, ಹೆಂಡತಿ ಮಕ್ಕಳಿದ್ದಾರೆ, ದಯೆ ತೋರಿಸಿ." ಆಮೇಲೆ ಹೊರಗೆ ಅವನ ಅಕ್ಕ ಹೇಳಿದರು, ಚಿಕ್ಕಂದಿನಲ್ಲಿ ಮರದಿಂದ ಬಿದ್ದು ತಲೆಗೆ ಪೆಟ್ಟಾಗಿತ್ತಂತೆ, ಆಗಿನಿಂದ ಫಿಟ್ಸ್. ನಾವು ಕೇಳಿರಲೇ ಇಲ್ಲ. ಆ ಅಕ್ಕನ ಮುಖ ಇವತ್ತಿಗೂ ಕಣ್ಣ ಮುಂದಿದೆ.

ನಮ್ಮ ಸುಪ್ರೀಂ ಕೋರ್ಟಿನ 2022ರ ಮನೋಜ್ ತೀರ್ಪಿನ ನಂತರ ಗಲ್ಲು ಕೇಳುವ ಕೇಸಿನಲ್ಲಿ ಆರೋಪಿಯ ಮಾನಸಿಕ ಸ್ಥಿತಿ, ಮನೆಯ ಹಿನ್ನೆಲೆ, ಜೈಲಿನ ನಡತೆ ಎಲ್ಲ ಕೋರ್ಟಿನ ಮುಂದೆ ಬರಬೇಕು. ನಿಮ್ಮವರು ಯಾರಾದರೂ ಒಳಗಿದ್ದರೆ ಹಳೇ ಆಸ್ಪತ್ರೆ ಚೀಟಿ, ಶಾಲೆಯ ದಾಖಲೆ ಈಗಲೇ ಹುಡುಕಿಡಿ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಹೋಗುವಾಗ ಅಕ್ಕನನ್ನೋ ಅಮ್ಮನನ್ನೋ ಜೊತೆಗೆ ಕರೆದುಕೊಂಡು ಹೋಗಿ.